ಟಾನಿಕ್ ಯಾರಿಗೆ, ಮಾತ್ರೆ ಯಾರಿಗೆ?

ಆರೋಗ್ಯವು ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟಿರುವ ಅಮಾನತ್ತು. ಅದನ್ನು ಕಾಪಾಡುವ ಹೊಣೆ ನಮ್ಮದೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಅದಕ್ಕಾಗಿ ವಿಟಮಿನ್ ಮಾತ್ರೆ, ಟಾನಿಕ್, ಪ್ರೋಟೀನ್ ಪುಡಿಗಳು ಬೇಕೇ? ನಮ್ಮ ಮನೆಗಳಲ್ಲಿ ಇದಕ್ಕೆ ಎರಡು ಉತ್ತರಗಳಿವೆ. 'ಅನ್ನ ಕೊಟ್ಟವನು ಶಕ್ತಿಯನ್ನೂ ಕೊಡುತ್ತಾನೆ, ಮಾತ್ರೆ ಏಕೆ?' ಎನ್ನುವವರು ಕೆಲವರು. 'ಈಗಿನ ಆಹಾರದಲ್ಲಿ ಸತ್ವ ಎಲ್ಲಿದೆ? ಬಾಟಲಿ ಇಲ್ಲದೆ ಆಗದು' ಎನ್ನುವವರು ಇನ್ನು ಕೆಲವರು. 'ಯಾರಿಗೆ?' ಎಂಬ ಪ್ರಶ್ನೆಯನ್ನು ಮಾತ್ರ ಇಬ್ಬರೂ ಕೇಳುವುದಿಲ್ಲ.

ಮೊದಲನೆಯವರು ತವಕ್ಕುಲ್‌ನ ಅರ್ಥವನ್ನು ಕಿರಿದುಗೊಳಿಸುತ್ತಾರೆ. ಅಲ್ಲಾಹನ ಮೇಲೆ ಭರವಸೆಯಿಡುವುದೆಂದರೆ ಅವನೇ ಒದಗಿಸಿರುವ ಸಾಧನಗಳನ್ನು ಕೈಬಿಡುವುದಲ್ಲ. ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿಯೇ ಶಿಶುವಿನ ಮಿದುಳು ಮತ್ತು ಬೆನ್ನುಹುರಿಯ ಬುನಾದಿ ಸಿದ್ಧವಾಗುತ್ತದೆ. ಆ ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ. ಮೊದಲೊಮ್ಮೆ ಇಂತಹ ದೋಷವುಳ್ಳ ಶಿಶುವನ್ನು ಗರ್ಭದಲ್ಲಿ ಹೊತ್ತಿದ್ದ ಸ್ತ್ರೀಯರಿಗೆ ಫೋಲಿಕ್ ಆಮ್ಲ ಕೊಟ್ಟಾಗ, ಅದು ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು 1991ರಲ್ಲಿ ತೋರಿಸಿಕೊಟ್ಟಿತು. ಇಂತಹ ಮಾತ್ರೆಯನ್ನು ನಿರಾಕರಿಸುವುದು ಈಮಾನಿನ ಲಕ್ಷಣವಲ್ಲ, ಅಲಕ್ಷ್ಯ.

ಎರಡನೆಯವರ ತಪ್ಪು ಬೇರೆ ಬಗೆಯದು. ಒಳ್ಳೆಯದು ಹೆಚ್ಚಾದಷ್ಟೂ ಒಳ್ಳೆಯದೆಂದು ಅವರು ಭಾವಿಸುತ್ತಾರೆ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ ಸಾವಿರಾರು ಪುರುಷರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟು ನೋಡಲಾಯಿತು. ಕ್ಯಾನ್ಸರ್ ಕಡಿಮೆಯಾಗಬಹುದೆಂಬ ನಿರೀಕ್ಷೆ ಸುಳ್ಳಾಯಿತು. ಮಾತ್ರೆ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತೆಂದು 1994ರಲ್ಲಿ ಪ್ರಕಟವಾಯಿತು. ಗರ್ಭಿಣಿಯು ಅತಿಯಾಗಿ 'ಎ' ವಿಟಮಿನ್ ಸೇವಿಸಿದರೆ ಶಿಶುವಿಗೇ ಅಪಾಯ. ಅನ್ನ, ಬೇಳೆ, ಸೊಪ್ಪು, ಮೀನು, ಮೊಟ್ಟೆ, ಹಣ್ಣು ಸಾಕಷ್ಟು ಸಿಗುವ ಆರೋಗ್ಯವಂತನಿಗೆ ಟಾನಿಕ್‌ನ ಅಗತ್ಯ ಸಾಮಾನ್ಯವಾಗಿ ಇಲ್ಲ. ಅಗತ್ಯವಿಲ್ಲದ ಬಾಟಲಿಗೆ ಹಣ ಸುರಿಯುವುದು ದುಂದುವೆಚ್ಚ. ಔಷಧಿಯ ಹೆಸರಿದ್ದ ಮಾತ್ರಕ್ಕೆ ದುಂದುವೆಚ್ಚವು ಸತ್ಕಾರ್ಯವಾಗದು.

ಹಾಗಾದರೆ ಯಾರಿಗೆ ಬೇಕು? ಗರ್ಭಿಣಿಯರಿಗೆ, ರಕ್ತಹೀನತೆಯಿರುವವರಿಗೆ, ಮಾಂಸ, ಮೀನು, ಮೊಟ್ಟೆ, ಹಾಲು ಯಾವುದನ್ನೂ ಸೇವಿಸದವರಿಗೆ, ಪರೀಕ್ಷಿಸಿ ಕೊರತೆಯಿದೆಯೆಂದು ವೈದ್ಯರು ಹೇಳಿದವರಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಸ್ತ್ರೀಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿತ್ತು. ಅದೇ ವಯಸ್ಸಿನ ಪುರುಷರಲ್ಲಿ ಶೇ. 25. ಮುಟ್ಟು, ಹೆರಿಗೆಗಳು ಈ ಅಂತರಕ್ಕೆ ಒಂದು ಕಾರಣ ನಿಜ. ಆದರೆ ಎಲ್ಲರೂ ಉಂಡು ಎದ್ದ ಮೇಲೆ ಉಳಿದದ್ದನ್ನು ಉಣ್ಣುವವರು ಯಾರೆಂಬುದನ್ನೂ ನಾವು ನೆನೆಯಬೇಕು.

ಇಲ್ಲಿಯೇ ನಮ್ಮ ಮನೆಗಳ ವಿಚಿತ್ರ ಕಾಣಿಸುತ್ತದೆ. ವ್ಯಾಯಾಮಶಾಲೆಗೆ ಹೋಗುವ ಗಟ್ಟಿಮುಟ್ಟಾದ ಮಗನಿಗೆ ಸಾವಿರಾರು ರೂಪಾಯಿಯ ಪ್ರೋಟೀನ್ ಡಬ್ಬಿ ಬರುತ್ತದೆ. ಗರ್ಭಿಣಿ ಸೊಸೆಗೆ ಸರಕಾರಿ ಆಸ್ಪತ್ರೆ ಉಚಿತವಾಗಿ ಕೊಟ್ಟ ಕಬ್ಬಿಣದ ಮಾತ್ರೆಗಳು ಕಪಾಟಿನಲ್ಲಿ ಉಳಿಯುತ್ತವೆ. 'ಮಗು ಕಪ್ಪಾಗುತ್ತದೆ' ಎಂದು ಹಿರಿಯರೊಬ್ಬರು ಹೇಳಿದರೆ ಸಾಕು, ಮಾತ್ರೆ ನಿಂತುಬಿಡುತ್ತದೆ. ಈ ಮಾತಿಗೆ ಆಧಾರವಿಲ್ಲ. ಮಲ ಕಪ್ಪಾಗುವುದುಂಟು, ಅದು ಕಬ್ಬಿಣದ ಬಣ್ಣ, ಭಯಪಡಬೇಕಿಲ್ಲ. ವಾಕರಿಕೆ ಬಂದರೆ ಊಟದ ನಂತರ, ಮಲಗುವ ಮುನ್ನ ತೆಗೆದುಕೊಳ್ಳಬಹುದು. ಚಹಾದೊಂದಿಗೆ ಬೇಡ, ಲಿಂಬೆ ಶರಬತ್ತಿನೊಂದಿಗೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಉಪವಾಸವಿರುವ ರಕ್ತಹೀನ ಸಹೋದರಿಯರು ರಮಝಾನಿನಲ್ಲಿಯೂ ಮಾತ್ರೆ ನಿಲ್ಲಿಸಬೇಕಿಲ್ಲ, ಇಫ್ತಾರಿನ ಬಳಿಕ ರಾತ್ರಿಯಿಡೀ ಸಮಯವಿದೆ.

ಆದರೆ ಮಾತ್ರೆ ಕೊಟ್ಟೆವೆಂದು ಊಟದ ಹೊಣೆಯಿಂದ ಯಾರೂ ನುಣುಚಿಕೊಳ್ಳುವಂತಿಲ್ಲ. ಅವಳ ತಟ್ಟೆಗೆ ಮೀನಿನ ತುಂಡು ಬೀಳದಿದ್ದರೆ ಆ ಅನ್ಯಾಯವನ್ನು ಯಾವ ಮಾತ್ರೆಯೂ ಸರಿಪಡಿಸಲಾರದು.

ಮುಂದಿನ ಸಲ ಔಷಧಿ ಅಂಗಡಿಯಲ್ಲಿ ಟಾನಿಕ್‌ಗೆ ಕೈ ಚಾಚುವ ಮುನ್ನ ಮನೆಯ ಯಜಮಾನನು ತನ್ನ ಮನೆಯತ್ತ ಒಮ್ಮೆ ನೋಡಲಿ. ಯಾರ ಮುಖ ಬಿಳಿಚಿದೆ? ಎರಡು ಮೆಟ್ಟಿಲು ಹತ್ತಿದರೆ ಯಾರಿಗೆ ಏದುಸಿರು ಬರುತ್ತದೆ? ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು? ಅವರನ್ನು ವೈದ್ಯರ ಬಳಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಲಿ. ಅಮಾನತ್ತಿನ ಲೆಕ್ಕ ಕೊಡುವ ದಿನ ನಮ್ಮೊಬ್ಬರ ದೇಹದ ಬಗ್ಗೆ ಮಾತ್ರವಲ್ಲ, ನಮ್ಮ ಆಸರೆಯಲ್ಲಿದ್ದವರ ಬಗ್ಗೆಯೂ ಕೇಳಲಾಗುವುದು.