ತಾಮ್ರದ ಸುರುಳಿ

ಬೆಂಗಳೂರಿನ ಫ್ಲ್ಯಾಟಿನಲ್ಲಿ ನಾನೇ ಬಿಯರ್ ಮಾಡಬೇಕು ಅನ್ನೋ ಹುಚ್ಚು ಹತ್ತಿದ್ದಾಗ, ಮೇ ರಜೆಗೆ ಮೂಡಲಗಿಗೆ ಹೋದವನು ಹಿತ್ತಲಲ್ಲಿ ಕೂತು ವರ್ಟ್ ಚಿಲ್ಲರ್ ಕಟ್ಟಿದೆ. ಗೋಕಾಕದ ಫ್ರಿಜ್ ರಿಪೇರಿ ಅಂಗಡಿಯಿಂದ ತಂದ 15 ಮೀಟರ್ ತಾಮ್ರದ ಪೈಪನ್ನು ಡಬರಿಗೆ ಸುತ್ತಿ ಸುರುಳಿ ಮಾಡಿ, ಎರಡೂ ತುದಿಗೆ ರಬ್ಬರ್ ಪೈಪು ಸಿಕ್ಕಿಸಿದರೆ ಮುಗೀತು. ಕುದಿಸಿದ ಮಾಲ್ಟ್ ರಸಕ್ಕೆ ವರ್ಟ್ ಅಂತಾರೆ. ಯೀಸ್ಟ್ ಹಾಕೋ ಮುಂಚೆ ಅದು 100 ಡಿಗ್ರಿಯಿಂದ 20ರ ಹತ್ತಿರಕ್ಕೆ ಬೇಗ ಇಳೀಬೇಕು. ತಡವಾದರೆ ಬ್ಯಾಕ್ಟೀರಿಯಾ ಮೊದಲು ಪಂಕ್ತಿಗೆ ಕೂತುಬಿಡುತ್ತವೆ. ಸುರುಳಿಯನ್ನು ರಸದಲ್ಲಿ ಮುಳುಗಿಸಿ ಒಳಗೆ ತಣ್ಣೀರು ಹರಿಸಿದರೆ ಆ ನೀರು ಕಾವನ್ನು ಹೊತ್ತು ಹೊರಬರುತ್ತದೆ.

ಆವತ್ತು ಬರೀ ಕುದಿಯೋ ನೀರಲ್ಲಿ ಪರೀಕ್ಷೆ. ಮಾಳಿಗೆ ಮೇಲಿನ ಟಾಕಿ ನೀರು ಬಿಸಿಲಿಗೆ ಕಾದಿತ್ತು. ಪಾತ್ರೆ 38ಕ್ಕೆ ಬಂದು ನಿಂತೇಬಿಡ್ತು. ಒಳಗೆ ಹರಿಯೋ ನೀರಿಗಿಂತ ಅದು ತಣ್ಣಗಾಗೋದಾದರೂ ಹೇಗೆ?

ಹುಕ್ಕೇರಿಯಿಂದ ಬಂದಿದ್ದ ಕಾಕಾ ನೋಡುತ್ತ ಕೂತಿದ್ದರು. "ಬಾವಿ ನೀರ ಬಿಡೋ ತಮ್ಮಾ," ಅಂದರು. ಆಮೇಲೆ ನಗುತ್ತ, "ನಮ್ಮೂರಾಗ ಒಬ್ಬಾಂವ ಬೆಲ್ಲದ ಕೊಳೆ ಹಾಕಿ ಭಟ್ಟಿ ಇಳಸ್ತಿದ್ದ. ಅಂವಂದೂ ಇದ ಕೆಲಸ. ಮ್ಯಾಲಿನ ಗಡಿಗ್ಯಾಗ ತಣ್ಣೀರು, ಕಾದ ಕೂಡ್ಲೆ ಚೆಲ್ಲಿ ಮತ್ತ ತುಂಬೂದು. ಪೊಲೀಸ್ರು ಮೂರ ಸಲ ಒಯ್ದ್ರು. ನೀ ಮಾಡಿದ್ರ ಹವ್ಯಾಸ, ಅಂವಾ ಮಾಡಿದ್ರ ಕಳ್ಳಭಟ್ಟಿ. ಹೌದಿಲ್ಲೊ?"

ನನ್ನ ಉತ್ತರ ರೆಡಿ ಇತ್ತು. ಅವನದು ಆವಿ ಹಿಡಿದು ಇಳಿಸೋ ಸಾರಾಯಿ, ನನ್ನದು ಬರೀ ಹುದುಗಿಸೋ ಬಿಯರ್. 2008ರ ಮೇನಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜನ ಸತ್ತದ್ದು ಕಳ್ಳಸಾರಾಯಿ ಕುಡಿದೇ. ಹೇಳುತ್ತಿದ್ದಂತೆ ನನಗೇ ಅನುಮಾನ ಬಂತು. ಅಲ್ಲಿ ಕೊಂದದ್ದು ಬೆರೆಸಿದ ಮಿಥನಾಲ್. ಮತ್ತೆ 1965ರ ಅಬಕಾರಿ ಕಾಯ್ದೆ ನನ್ನ ಹವ್ಯಾಸವನ್ನು ಕೇಳೋದಿಲ್ಲ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸಿದರೆ ನಾನೂ ಅವನೂ ಒಂದೇ ಸಾಲಿನವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ನನ್ನಂಥವರ ವೀಕೆಂಡ್ ನಿಲ್ಲಲಿಲ್ಲ. ಮಾಲ್ಟ್ ವಾಸನೆ ಹಿಡಿದು ನನ್ನ ಅಪಾರ್ಟ್‌ಮೆಂಟಿನ ಬಾಗಿಲನ್ನು ಯಾರೂ ತಟ್ಟಲಾರರು ಅಂತ ನಂಬಿಯೇ ಪೈಪು ಕೊಂಡಿದ್ದೆ. ನನಗಿದ್ದದ್ದು ವಿಳಾಸದ ಧೈರ್ಯ.

ಇದನ್ನೇ ಕಾಕಾಗೆ ಹೇಳಿ, ಪಾಪ, ಆ ಭಟ್ಟಿಯವನಿಗೆ ಅನ್ಯಾಯ ಆಯ್ತು ಅಂದೆ. ಒಳಗಿಂದ ಕಾಕು ಮಾತಾಡಿದರು: "ನನ್ನ ತಮ್ಮ ಅಂವನ ಗಿರಾಕಿ ಇದ್ದ. ಅದನ್ನೂ ಹೇಳ್ರಿ ಅವಗ."

ಕಾಕಾ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಾವಿಯ ಪಂಪು ಚಾಲೂ ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಪಾತ್ರೆ 28ಕ್ಕೆ ಇಳೀತು. ಹೊರಬಂದ ಮೊದಲ ಬಿಸಿನೀರನ್ನು ಕಾಕು ಬಕೆಟ್ಟಿಗೆ ಹಿಡಿದು ಮುಸುರೆ ತಿಕ್ಕಿದರು.

ಸುರುಳಿ ಈಗ ಬೆಂಗಳೂರಿನಲ್ಲಿ ಅಟ್ಟದ ಮೇಲಿದೆ. ಮಾಲ್ಟ್ ಚೀಲ ಇನ್ನೂ ಬಿಚ್ಚಿಲ್ಲ.