ಕುಳಿತಲ್ಲಿಂದ ಎದ್ದ ಮೇಲೆ

ನಮ್ಮ ಮೈಯೊಳಗೆ ನಮ್ಮ ಅಪ್ಪಣೆಗೆ ಕಾಯದೆ ನಡೆಯುವ ಕೆಲಸಗಳೇ ಹೆಚ್ಚು. ಹೃದಯಕ್ಕೆ ಸ್ವಲ್ಪ ತಡೆ ಎಂದರೆ ತಡೆಯುವುದಿಲ್ಲ. ಜಠರಕ್ಕೆ ಬೇಗ ಅರಗಿಸು ಎಂದರೆ ಕೇಳುವುದಿಲ್ಲ. ಕೈಕಾಲಿನದು ಬೇರೆ ಲೆಕ್ಕ, ಹೇಳಿದಂತೆ ಆಡುತ್ತವೆ. ಈ ಎರಡು ಸೀಮೆಗೂ ಸೇರಿದ್ದು ಉಸಿರು. ಮರೆತು ಮಲಗಿದರೂ ಅದು ತನ್ನ ಪಾಡಿಗೆ ಆಡುತ್ತಿರುತ್ತದೆ. ನೆನೆದು ಕೂತರೆ ನಿಧಾನಿಸು ಎಂದಾಗ ನಿಧಾನಿಸುತ್ತದೆ, ನಿಲ್ಲು ಎಂದಾಗ ಸ್ವಲ್ಪ ಹೊತ್ತು ನಿಂತೂ ಬಿಡುತ್ತದೆ. ಹಠಯೋಗದ ಹಳೆಯ ಗ್ರಂಥಗಳು ಹಗಲಿರುಳು ಸೇರಿ 21,600 ಉಸಿರು ಎಂದು ಎಣಿಸಿವೆ. ಅಂದರೆ ನಿಮಿಷಕ್ಕೆ ಹದಿನೈದು. ಸುಮ್ಮನೆ ಕುಳಿತ ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 18 ಎನ್ನುವುದು ಇಂದಿನ ವೈದ್ಯರ ಲೆಕ್ಕ. ಸೆಕೆಂಡಿನ ಮುಳ್ಳೇ ಇಲ್ಲದ ಕಾಲದಲ್ಲಿ ಯಾರೋ ಕೂತು ತಮ್ಮ ಉಸಿರನ್ನು ಅಷ್ಟು ತಾಳ್ಮೆಯಿಂದ ಗಮನಿಸಿದ್ದರಲ್ಲ ಎಂದು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಅಧ್ಯಾತ್ಮದ ದಾರಿ ಹಿಡಿದವರಲ್ಲಿ ಎಷ್ಟೋ ಮಂದಿ ಬೇರೆ ಬೇರೆ ಊರುಗಳಿಂದ ಹೊರಟು ಈ ಒಂದೇ ಬಾಗಿಲಿಗೆ ಬಂದು ನಿಂತಿದ್ದಾರೆ. ಝೆನ್ ಧ್ಯಾನಕ್ಕೆ ಹೊಸದಾಗಿ ಕೂತವರಿಗೆ ಹೇಳಿಕೊಡುವುದು ಇಷ್ಟೇ: ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸು, ಲೆಕ್ಕ ತಪ್ಪಿದರೆ ಬೇಜಾರು ಮಾಡಿಕೊಳ್ಳದೆ ಮತ್ತೆ ಒಂದಕ್ಕೆ ಬಾ. ಯೋಗಿಗಳು ಅದನ್ನೇ ಪೂರಕ, ಕುಂಭಕ, ರೇಚಕ ಎಂದು ಪಳಗಿಸಿದರು. ಸೂಫಿಗಳು ಝಿಕ್ರ್‌ನಲ್ಲಿ ದೇವರ ಹೆಸರನ್ನು ಉಸಿರಿನ ಲಯಕ್ಕೆ ಕಟ್ಟಿದರು. ಗ್ರೀಸಿನ ಆಥೋಸ್ ಬೆಟ್ಟದ ಕ್ರೈಸ್ತ ಸನ್ಯಾಸಿಗಳು ಯೇಸುವಿನ ಹೆಸರಿನ ಪುಟ್ಟ ಪ್ರಾರ್ಥನೆಯನ್ನು ಉಸಿರಿನ ಜೊತೆ ಎದೆಗಿಳಿಸಿಕೊಂಡರು. 2001ರಲ್ಲಿ ಇಟಲಿಯ ವೈದ್ಯ ಲೂಚಾನೋ ಬೆರ್ನಾರ್ಡಿ ಮತ್ತು ಸಂಗಡಿಗರು 23 ಜನರನ್ನು ಕೂರಿಸಿ ಮಾಡಿದ ಒಂದು ಪರೀಕ್ಷೆಯ ಫಲವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಲ್ಯಾಟಿನ್ ಭಾಷೆಯ ಜಪಮಾಲೆಯ ಪ್ರಾರ್ಥನೆ ಹೇಳಿದಾಗಲೂ, ಟಿಬೆಟಿಯನ್ನರ ‘ಓಂ ಮಣಿ ಪದ್ಮೇ’ ಮಂತ್ರ ಹೇಳಿದಾಗಲೂ ಅವರ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು. ಹೃದಯದ ಬಡಿತ, ರಕ್ತದೊತ್ತಡಗಳ ಏರಿಳಿತವೂ ಅದೇ ತಾಳಕ್ಕೆ ಕೂಡಿಕೊಂಡಿದ್ದವು. ಬೈಲುಕುಪ್ಪೆಯಲ್ಲಿ ಪ್ರಾರ್ಥನಾ ಚಕ್ರ ತಿರುಗಿಸುತ್ತಾ ತುಟಿಯಲ್ಲೇ ಗುನುಗುವ ಅಜ್ಜಿಯೂ, ಮಂಗಳೂರಿನ ಇಗರ್ಜಿಯಲ್ಲಿ ಜಪಸರ ಎಣಿಸುವ ಬಾಯಮ್ಮನೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಅವರ ಉಸಿರು ಒಂದೇ ನಡಿಗೆಯಲ್ಲಿ ನಡೆಯುತ್ತಿರಬಹುದು.

ಇಲ್ಲಿಗೆ ಬಂದಾಗ ‘ಎಲ್ಲ ದಾರಿಯೂ ಒಂದೇ’ ಎಂದು ಹೇಳಿಬಿಡುವ ಆಸೆ ಹುಟ್ಟುತ್ತದೆ. ನಾನು ಹಾಗೆನ್ನಲಾರೆ. ಪತಂಜಲಿಯ ಯೋಗ ಹೋಗುವುದು ಕೈವಲ್ಯದ ಕಡೆಗೆ, ಪುರುಷನು ಪ್ರಕೃತಿಯಿಂದ ಬಿಡಿಸಿಕೊಂಡು ನಿಲ್ಲುವ ಸ್ಥಿತಿಗೆ. ಝೆನ್ ಗುರುಗಳು ಬಿಡಿಸಿಕೊಳ್ಳುವವನೇ ಯಾರು ಎಂದು ಕೇಳುತ್ತಾರೆ. ಶರಣರಿಗೆ ಲಿಂಗಾಂಗ ಸಾಮರಸ್ಯ, ಕ್ರೈಸ್ತ ಸಾಧಕರಿಗೆ ಒಬ್ಬ ತಂದೆಯ ಪ್ರೀತಿ. ಈ ವ್ಯತ್ಯಾಸಗಳಿಗಾಗಿ ಜನ ಜೀವಮಾನವನ್ನೇ ಕೊಟ್ಟಿದ್ದಾರೆ. ಅವುಗಳನ್ನು ಅಳಿಸಿಹಾಕಿದರೆ ಅವರಿಗೆ ನಾವು ತೋರಿಸುವ ಗೌರವವೇನು? ಸೇರಬೇಕಾದ ಊರುಗಳು ಬೇರೆ ಬೇರೆ ಇದ್ದೂ ಹೊರಡುವ ಮೈ ಒಂದೇ ಬಗೆಯದು, ಒಂದು ಬೆನ್ನೆಲುಬು, ಎರಡು ಮೊಣಕಾಲು, ಒಂದು ಉಸಿರು. ನನ್ನನ್ನು ಹಿಡಿದು ನಿಲ್ಲಿಸುವುದು ಇದು.

ಕೂರುವುದನ್ನೇ ನೋಡಿ. ಝೆನ್ ಧ್ಯಾನದಲ್ಲಿ ಕಣ್ಣು ಅರೆತೆರೆದಿರುತ್ತದೆ, ನೋಟ ಒಂದು ಮಾರಿನಷ್ಟು ಮುಂದೆ ನೆಲದ ಮೇಲೆ ಇಳಿದಿರುತ್ತದೆ. ಸೋಟೋ ಪಂಥದವರು ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಬಲ ಅಂಗೈಯ ಮೇಲೆ ಎಡ ಅಂಗೈ, ಎರಡು ಹೆಬ್ಬೆರಳ ತುದಿಗಳು ಒಂದಕ್ಕೊಂದು ತಾಗಿಯೂ ತಾಗದ ಹಾಗೆ. ಈ ಹೆಬ್ಬೆರಳುಗಳು ಸುಳ್ಳು ಹೇಳುವುದಿಲ್ಲ. ತೂಕಡಿಕೆ ಬಂದರೆ ಜಾರಿ ಬೇರೆಯಾಗುತ್ತವೆ. ಮನಸ್ಸು ಯಾವುದೋ ಜಗಳಕ್ಕೆ ಹೋಗಿ ಬಿಗಿದುಕೊಂಡರೆ ಒತ್ತಿಕೊಂಡು ಮೇಲೇಳುತ್ತವೆ. ಗುರುವಿಗೆ ಶಿಷ್ಯನ ಮನಸ್ಸು ಎಲ್ಲಿದೆ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ, ಕೈ ನೋಡಿದರೆ ಸಾಕು. ನಮ್ಮ ಇಷ್ಟಲಿಂಗ ಪೂಜೆಯಲ್ಲೂ ಕಣ್ಣು ತೆರೆದೇ ಇರುತ್ತದೆ. ಎಡ ಅಂಗೈ ಪೀಠವಾಗುತ್ತದೆ, ದೃಷ್ಟಿ ಅದರ ಮೇಲಿನ ಲಿಂಗದಲ್ಲಿ ನೆಡುತ್ತದೆ. ದೇವರಿಗೆ ಗುಡಿ ಎಲ್ಲಿ ಎಂದು ಕೇಳಿದಾಗ ಶರಣರು ಅಂಗೈ ಚಾಚಿದರು.

ಇನ್ನು ಆಸನ. ಯೋಗಸೂತ್ರಗಳು ಇನ್ನೂರಕ್ಕೆ ಸಮೀಪ ಇವೆ. ಅವುಗಳಲ್ಲಿ ಆಸನವನ್ನು ಕುರಿತವು ಮೂರೇ ಮೂರು, ಅವೂ ಸುಖವಾಗಿ, ಸ್ಥಿರವಾಗಿ ಇರುವುದನ್ನು ಕುರಿತವು. ಅಲ್ಲಿಂದ ಇಂದಿನ ವಿಸ್ತಾರಕ್ಕೆ ಬಂದದ್ದು ಬಹಳ ದೂರದ ಪಯಣ, ಅದರ ಒಂದು ಮುಖ್ಯ ನಿಲ್ದಾಣ ನಮ್ಮ ಮೈಸೂರು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಬಂದದ್ದು ಕನ್ನಡದಲ್ಲಿ. ಅವರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಪುಣೆಯಿಂದ, ಪಟ್ಟಾಭಿ ಜೋಯಿಸರು ಮೈಸೂರಿನಿಂದ ಅದನ್ನು ಜಗತ್ತಿಗೆಲ್ಲ ಹಂಚಿದರು. ಜೋಯಿಸರ ಪರಂಪರೆಯಲ್ಲಿ ಕೈ ಮೇಲೆತ್ತುವಾಗ ಉಸಿರು ಒಳಕ್ಕೆ, ಬಾಗುವಾಗ ಹೊರಕ್ಕೆ; ಉಸಿರಿಲ್ಲದ ಚಲನೆಯೇ ಇಲ್ಲ. ಚೆನ್ನಾಗಿ ಪಳಗಿದವರು ಮಾಡುವ ಸೂರ್ಯನಮಸ್ಕಾರವನ್ನು ಪಕ್ಕದಲ್ಲಿ ನಿಂತು ಕೇಳಬೇಕು. ನೋಡುವುದಕ್ಕಿಂತ ಕೇಳುವುದೇ ಚೆಂದ. ಸಣ್ಣ ಅಲೆ ದಡಕ್ಕೆ ಬಂದು ಹಿಂದೆ ಸರಿದಂತೆ ಉಸಿರಿನ ಸದ್ದು, ಆ ಸದ್ದಿನ ಮೇಲೆ ಮೈ ತೇಲುತ್ತಿರುತ್ತದೆ.

ಝೆನ್ ಕೂಡ ದೂರ ಸಾಗಿ ಬಂದದ್ದೇ. ದಕ್ಷಿಣ ಭಾರತದಿಂದ ಬೋಧಿಧರ್ಮನೆಂಬ ಭಿಕ್ಷು ಚೀನಾಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಒಂಬತ್ತು ವರ್ಷ ಕೂತನೆಂದು ಝೆನ್ ಪರಂಪರೆ ನಂಬುತ್ತದೆ. ಅವನು ಕಂಚಿಯವನೆಂದು ಹೇಳುವವರೂ ಉಂಟು. ಆ ಧ್ಯಾನ ಚೀನಾದಿಂದ ಜಪಾನಿಗೆ ದಾಟಿತು. 20ನೇ ಶತಮಾನದಲ್ಲಿ ಜರ್ಮನಿಯ ಜೆಸುಯಿಟ್ ಪಾದ್ರಿ ಹ್ಯೂಗೋ ಲಾಸಾಲ್ ಜಪಾನಿಗೆ ಹೋದರು. 1945ರ ಆಗಸ್ಟ್ 6ರಂದು ಅಣುಬಾಂಬ್ ಬಿದ್ದಾಗ ಹಿರೋಶಿಮಾದಲ್ಲಿದ್ದು ಗಾಯಗೊಂಡು ಬದುಕಿದರು. ಶಿಲುಬೆಯನ್ನು ಬಿಡದೆಯೇ ಝೆನ್ ಧ್ಯಾನಕ್ಕೆ ಕೂತರು. ತಮಿಳು ಮೂಲದ ಇನ್ನೊಬ್ಬ ಜೆಸುಯಿಟ್ ಅಮಾ ಸಾಮಿ ಕಾಮಾಕುರಾದ ಯಮಾದಾ ಕೋಉನ್ ಗುರುಗಳ ಬಳಿ ಕಲಿತು, ಕೊಡೈಕೆನಾಲ್ ಹತ್ತಿರದ ಪೆರುಮಾಳ್‌ಮಲೆಯಲ್ಲಿ 1996ರಲ್ಲಿ ಬೋಧಿ ಝೆಂಡೋ ಕಟ್ಟಿದರು. ಹೊರಟದ್ದು ತೆಂಕಣ ನಾಡಿನಿಂದ ಎನ್ನುವುದಾದರೆ, ಮರಳಿದ್ದೂ ತೆಂಕಣ ನಾಡಿಗೇ. ಒಬ್ಬ ಕ್ರೈಸ್ತ ಸನ್ಯಾಸಿಯ ಕೈಹಿಡಿದು, ಸಾವಿರ ವರ್ಷಕ್ಕೂ ಹೆಚ್ಚು ಸುತ್ತಿ. ಧರ್ಮಗಳ ನಡುವೆ ಬೇಲಿ ಹಾಕಲು ಹೊರಟವರು ಈ ದಾರಿಯನ್ನೊಮ್ಮೆ ನಕ್ಷೆಯ ಮೇಲೆ ಗೆರೆ ಎಳೆದು ನೋಡಬೇಕು.

ಇಷ್ಟೆಲ್ಲ ಆದರೂ ಕೂತವನು ಏಳಲೇಬೇಕು. ಎದ್ದ ಮೇಲೆ ಏನು ಎಂಬ ಪ್ರಶ್ನೆಯನ್ನು ಜಪಾನಿನ ಝೆನ್ ಗುರು ಡೋಗೆನ್‌ಗೆ ಕಲಿಸಿದವನು ಒಬ್ಬ ಅಡುಗೆಯವನು. 1223ರಲ್ಲಿ ಇಪ್ಪತ್ತರ ಹರೆಯದ ಡೋಗೆನ್ ನಿಜವಾದ ಗುರುವನ್ನು ಹುಡುಕಿಕೊಂಡು ಚೀನಾಕ್ಕೆ ಬಂದು, ಬಂದರಿನಲ್ಲಿ ಹಡಗಿನಲ್ಲೇ ಕಾಯುತ್ತಿದ್ದರು. ಮಠವೊಂದರ ಅಡುಗೆ ನೋಡಿಕೊಳ್ಳುವ ಅರವತ್ತು ದಾಟಿದ ಭಿಕ್ಷು ಅಣಬೆ ಕೊಳ್ಳಲು ಅಷ್ಟು ದೂರ ನಡೆದು ಬಂದಿದ್ದ. ಇವತ್ತು ಇಲ್ಲೇ ಉಳಿಯಿರಿ, ಮಾತಾಡೋಣ ಎಂದರು ಡೋಗೆನ್. ನಾಳಿನ ಅಡುಗೆ ನನ್ನದು, ಉಳಿಯಲಾರೆ ಎಂದ ಮುದುಕ. ಈ ವಯಸ್ಸಿನಲ್ಲಿ ಧ್ಯಾನ, ಅಧ್ಯಯನ ಬಿಟ್ಟು ಒಲೆ ಮುಂದೆ ಯಾಕೆ ಎಂದು ಕೇಳಿದಾಗ ಅವನು ಜೋರಾಗಿ ನಕ್ಕು, ಸಾಧನೆ ಎಂದರೇನೆಂದು ನಿನಗಿನ್ನೂ ತಿಳಿದಿಲ್ಲ ಎಂಬರ್ಥದ ಮಾತಾಡಿ ಹೊರಟುಹೋದ. ಆ ನಗು ಡೋಗೆನ್‌ರನ್ನು ಬಿಡಲಿಲ್ಲ. ಊರಿಗೆ ಮರಳಿ 1237ರಲ್ಲಿ ಮಠದ ಅಡುಗೆಯವರಿಗೆಂದೇ ‘ತೆಂಜೊ ಕ್ಯೋಕುನ್’ ಎಂಬ ಕೈಪಿಡಿ ಬರೆದರು. ಅಕ್ಕಿ ತೊಳೆಯುವಾಗ ಕಲ್ಲು ಮರಳನ್ನು ಹೇಗೆ ನೋಡಬೇಕು, ಒಂದು ಕಾಳೂ ಚೆಲ್ಲದಂತೆ ಹೇಗೆ ಇರಬೇಕು ಎನ್ನುವುದನ್ನೆಲ್ಲ ಅದರಲ್ಲಿ ಹೇಳಿದರು.

ಅದಕ್ಕೆ ಸುಮಾರು ಎಪ್ಪತ್ತು ವರ್ಷ ಹಿಂದೆ, ಬಹುಶಃ ಚೀನಾದ ಹೆಸರನ್ನೂ ಕೇಳಿರದ ಒಬ್ಬಾಕೆ ಕಲ್ಯಾಣದಲ್ಲಿ ಇದೇ ಪಾಠ ಹೇಳಿದ್ದಳು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಬಂದ ಮಾರಯ್ಯ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ದಾಸೋಹ ಮಾಡುತ್ತಿದ್ದ. ಅನುಭವ ಮಂಟಪದ ಗೋಷ್ಠಿಯಲ್ಲಿ ಮೈಮರೆತು ಕೂತವನನ್ನು ಹೆಂಡತಿ ಲಕ್ಕಮ್ಮ ಕಾಯಕದ ಹೊತ್ತು ಮೀರುತ್ತಿದೆ ಎಂದು ಎಬ್ಬಿಸಿದಳು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೇಕೆ ಈ ಆಸೆ, ತಂದಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಅಲ್ಲಿ ಕಾಳು ಚೆಲ್ಲದ ಹಾಗೆ ಕಾಯುವ ಮುದುಕ, ಇಲ್ಲಿ ಚೆಲ್ಲಿದ ಕಾಳನ್ನೇ ನಂಬಿ ನಾಲ್ಕು ಜನಕ್ಕೆ ಉಣಬಡಿಸುವ ದಂಪತಿ. ಸೋಜಿಗ ಇಲ್ಲಿಗೇ ಮುಗಿಯುವುದಿಲ್ಲ. ಡೋಗೆನ್ ಕಂಡ ಆ ಅಡುಗೆಯವನ ಮಠ ಅಶೋಕ ಚಕ್ರವರ್ತಿಯ ಹೆಸರಿನದು. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂದು ಜಗತ್ತಿಗೆ ಖಚಿತಪಡಿಸಿದ್ದು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆ, ಅದೂ ಮಾರಯ್ಯನ ಸೀಮೆಯಲ್ಲೇ. ಇದರಿಂದ ನಾನು ಏನನ್ನೂ ಸಾಧಿಸಹೊರಟಿಲ್ಲ. ಒಳ್ಳೆಯದು ಯಾವ ಯಾವ ಬಳಸುದಾರಿಯಲ್ಲಿ ಪಕ್ಕಪಕ್ಕಕ್ಕೆ ಬಂದು ನಿಲ್ಲುತ್ತದೆ ಎಂದು ಕಣ್ಣರಳಿಸಿದ್ದೇನೆ, ಅಷ್ಟೇ.

ಅಕ್ಕಿ ಆರಿಸುವ ಕೆಲಸವನ್ನು ನಾನು ಸಾಧನೆಯ ಸಾಲಿಗೆ ಸೇರಿಸಿಕೊಂಡಿರುವುದು ಇವರನ್ನು ನೆನೆದು. ಪೊಟ್ಟಣದಲ್ಲಿ ಬರುವ ಅಕ್ಕಿ ಈಗ ಬಹಳ ಚೊಕ್ಕಟ, ಆದರೆ ರೇಷನ್ ಅಕ್ಕಿಗೆ ಇನ್ನೂ ಮೊರ ಬೇಕು. ಹೊಟ್ಟು ಕೇರಿ, ಹಿಡಿಯಷ್ಟನ್ನು ಅಂಚಿಗೆ ಎಳೆದುಕೊಂಡು ಬೆರಳ ತುದಿಯಲ್ಲಿ ಹರವಿದರೆ ಒಂದೊಂದೂ ಕಾಣಿಸತೊಡಗುತ್ತದೆ: ಅರಿಸಿನ ಬಣ್ಣದ ನೆಲ್ಲು, ಅಕ್ಕಿಯ ವೇಷ ಹಾಕಿದ ಬಿಳಿ ಕಲ್ಲು, ಎರಡಾದ ನುಚ್ಚು. ಗಿರಣಿಯಲ್ಲಿ ಬಿಳುಪಾದ ಕಾಳನ್ನು ಹತ್ತಿರ ಹಿಡಿದು ನೋಡಿ, ಒಂದು ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಅದು ಮೊಳಕೆ ಇದ್ದ ಜಾಗ. ಮಣ್ಣಿಗೆ ಬಿದ್ದಿದ್ದರೆ ಅಲ್ಲಿಂದಲೇ ಒಂದು ಪೈರು ಏಳುತ್ತಿತ್ತು, ತೆನೆಗೆ ಎಷ್ಟೋ ಕಾಳು ಕಟ್ಟುತ್ತಿತ್ತು. ಅದನ್ನೆಲ್ಲ ಬಿಟ್ಟುಕೊಟ್ಟು ಈ ಕಾಳು ನನ್ನ ತಟ್ಟೆಗೆ ಬಂದಿದೆ. ಇಷ್ಟು ತಿಳಿದ ಮೇಲೆ ಎಲೆಯಲ್ಲಿ ಅನ್ನ ಬಿಟ್ಟು ಏಳಲು ಮನಸ್ಸಾಗುವುದಿಲ್ಲ.

ಒಂದೇ ದಿನದಲ್ಲಿ ಝೆನ್, ಯೋಗ, ಜಪ, ಪೂಜೆ ಎಲ್ಲವನ್ನೂ ಹೇಗೆ ಹೊಂದಿಸುವುದು ಎಂದು ಕೇಳುವವರು ಹೆಚ್ಚಾಗಿ ವೇಳಾಪಟ್ಟಿಯ ಬಗ್ಗೆ ಕೇಳುತ್ತಾರೆ. ಬೆಳಿಗ್ಗೆ ಅರ್ಧ ಗಂಟೆ ಆಸನ, ಅದರಿಂದ ಸಡಿಲಾದ ಕಾಲುಗಳಲ್ಲಿ ಇಪ್ಪತ್ತೈದು ನಿಮಿಷದ ಧ್ಯಾನ, ಸಂಜೆ ದೀಪ ಹಚ್ಚುವಾಗ ತಮ್ಮ ಮನೆಯ ಪ್ರಾರ್ಥನೆ. ಇದು ಸಂಸಾರಸ್ಥರಿಗೆ ಎಟುಕದ್ದೇನಲ್ಲ. ಆದರೆ ನಿಜವಾದ ಹೊಂದಾಣಿಕೆ ಒಂದು ಸಾಧನೆ ಇನ್ನೊಂದನ್ನು ಪ್ರಶ್ನಿಸಿದಾಗ ಆಗುತ್ತದೆ. ಗಂಟೆಗಟ್ಟಲೆ ಕೂರಲು ಹೊರಟವನನ್ನು ಯೋಗ ಕೇಳುತ್ತದೆ: ಬೆನ್ನು ಹೇಗಿದೆ, ಉಸಿರು ಎಲ್ಲಿ ಸಿಕ್ಕಿಕೊಂಡಿದೆ? ಶೀರ್ಷಾಸನ ಸಲೀಸಾಗಿ ಬಂತೆಂದು ಬೀಗುವವನನ್ನು ಝೆನ್ ಕೇಳುತ್ತದೆ: ಬೀಗುತ್ತಿರುವವನು ಯಾರು? ಎರಡೂ ಸಿದ್ಧಿಸಿ ಕೋಣೆಯ ಬಾಗಿಲು ಹಾಕಿಕೊಂಡು ಹಾಯಾಗಿ ಕೂತವನನ್ನು ಲಕ್ಕಮ್ಮ ಕೇಳುತ್ತಾಳೆ: ಕೆಲಸದ ಹೊತ್ತಾಯಿತು, ಇವತ್ತು ಯಾರಿಗೆ ಉಣಬಡಿಸಿದೆ? ಈ ಪ್ರಶ್ನೆಗಳಲ್ಲಿ ಒಂದನ್ನು ಕೈಬಿಟ್ಟರೂ ಉಳಿದವು ಸೊರಗುತ್ತವೆ. ಯಾವುದಾದರೂ ಒಂದು ಪರಂಪರೆಯನ್ನು ಅದರ ಶಿಸ್ತಿನ ಸಮೇತ ಹಿಡಿದುಕೊಳ್ಳಿ, ಮಿಕ್ಕವುಗಳ ಪ್ರಶ್ನೆಗೆ ಕಿವಿಗೊಡಿ ಎಂದು ನಾನು ಗೆಳೆಯರಿಗೆ ಹೇಳುವುದು ಅದಕ್ಕೇ.

ಬೆರಗು ಎಂದರೆ ಅಪರೂಪದ್ದನ್ನು ಕಂಡಾಗ ಬರುವಂಥದು ಎಂದು ನಾವು ತಿಳಿದಿರುತ್ತೇವೆ. ಹಿಮಾಲಯ ಕಂಡರೆ ಬರುತ್ತದೆ, ಜೋಗ ಧುಮ್ಮಿಕ್ಕುವಾಗ ಬರುತ್ತದೆ. ಅದಕ್ಕೆ ಸಾಧನೆ ಬೇಕಿಲ್ಲ. ಹುಟ್ಟಿದಾಗಿನಿಂದ ಜೊತೆಗಿರುವ ಉಸಿರನ್ನು, ದಿನಾ ಎರಡು ಹೊತ್ತು ಉಣ್ಣುವ ಅನ್ನವನ್ನು ಕಂಡು ಬೆರಗಾಗಲು ಸಾಧನೆ ಬೇಕು. ಜಗತ್ತಿನ ಮೂಲೆಮೂಲೆಯ ಸಾಧಕರು ತಲೆಮಾರುಗಳ ಉದ್ದಕ್ಕೂ ಹಸಿವು, ಯುದ್ಧ, ವಲಸೆಗಳ ನಡುವೆ ಕಾಪಾಡಿ ನಮ್ಮ ಕೈಗೆ ದಾಟಿಸಿರುವುದು ಹೀಗೆ ಬೆರಗಾಗುವ ಕಣ್ಣನ್ನು. ಮೈ ಹೇಗಿದೆ, ಮಾಡುತ್ತಿರುವವನು ಯಾರು, ಉಂಡವರು ಯಾರು ಎಂಬ ಮೂರು ಪ್ರಶ್ನೆಗಳಿಗೂ ಒಂದೇ ದಿನದಲ್ಲಿ, ಒಂದೇ ಮನೆಯಲ್ಲಿ ಉತ್ತರ ಕೊಡಬಲ್ಲ ಮೈಮನಸ್ಸು ನಮ್ಮಂಥ ಸಾಮಾನ್ಯರಿಗೂ ಸಿಕ್ಕಿದೆ. ಇದಕ್ಕಿಂತ ದೊಡ್ಡ ಸೋಜಿಗ ನನಗೆ ಬೇರೆ ಗೊತ್ತಿಲ್ಲ.