ಮುತ್ತಿಗೆಯ ನಡುವೆ ಹೊಲ ಕೊಂಡವನು

ಕಳೆದ ವರ್ಷ ನಮ್ಮ ಪುಣೆಯ ಆಫೀಸಿನಲ್ಲಿ ಕೆಲಸದಿಂದ ತೆಗೆಯುವವರ ಪಟ್ಟಿ ತಯಾರಾಗುತ್ತಿದ್ದಾಗ, ನನ್ನ ಟೀಮಿನ ಗದಗದ ಹುಡುಗ ಕ್ಯಾಂಟೀನಿನಲ್ಲಿ ಕೇಳಿದ: "ಸರ, ಎಲ್ಲಾ ಸರಿ ಹೋಗ್ತೈತಲ್ರೀ?" ಪಟ್ಟಿಯಲ್ಲಿ ಅವನ ಹೆಸರಿತ್ತು; ನನಗದು ಗೊತ್ತಿತ್ತು. "ಏನೂ ಆಗಲ್ಲ, ಭರವಸೆ ಇಟ್ಟುಕೋ" ಎಂದೆ. ನಿಜ ಹೇಳುವಂತಿರಲಿಲ್ಲ, ಒಪ್ಪುತ್ತೇನೆ. ಸುಮ್ಮನಿರಬಹುದಿತ್ತು. ಚರ್ಚಿನಲ್ಲಿ ಬೆಳೆದ ನನಗೆ 'ಭರವಸೆ' ಬಹಳ ಸಲೀಸಾಗಿ ಬಾಯಿಗೆ ಬರುವ ಮಾತು.

ಆಮೇಲೆ ಒಂದು ರಾತ್ರಿ ಬೈಬಲಿನ ಯೆರೆಮೀಯನ ಪುಸ್ತಕ ತೆಗೆದೆ. 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಬ್ಯಾಬಿಲೋನಿನವರು ಒಯ್ದದ್ದೆಲ್ಲ ಎರಡೇ ವರ್ಷದಲ್ಲಿ ವಾಪಸ್ ಬರುತ್ತದೆಂದು ಜನರೆದುರು ಸಾರುತ್ತಾನೆ. ನಮ್ಮ ಸ್ಟೇಟಸ್ ರಿಪೋರ್ಟಿನ ಹಸಿರು ಬಣ್ಣದ ಹಾಗೆ. ಆ ಕ್ಯಾಂಟೀನಿನಲ್ಲಿ ನಾನು ಹನನ್ಯನೇ ಆಗಿದ್ದೆ.

ಊರು ಬೀಳುತ್ತದೆ ಎಂದದ್ದು ಯೆರೆಮೀಯ. ಅದಕ್ಕೇ ಅವನನ್ನು ಸೆರೆಯಲ್ಲಿಟ್ಟರು. ಜೆರುಸಲೇಮಿಗೆ ಮುತ್ತಿಗೆ, ಒಳಗೆ ಹಸಿವು, ರೋಗ. ಅಂಥದ್ದರಲ್ಲಿ ಚಿಕ್ಕಪ್ಪನ ಮಗ ಬಂದು ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ನಾಳೆ ಶತ್ರುವಿನ ಪಾಲಾಗುವ ಹೊಲ! ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ, ಸಾಕ್ಷಿ ಹಾಕಿಸುತ್ತಾನೆ, ಕ್ರಯಪತ್ರ ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಈ ನಾಡಿನಲ್ಲಿ ಮತ್ತೆ ಹೊಲ ಮನೆ ಕೊಳ್ಳುವ ಕಾಲ ಬರುತ್ತದೆಂಬುದು ದೇವರ ಮಾತು. ನನಗೆ ಹೆಚ್ಚು ಹಿಡಿಸಿದ್ದು ಅದರ ಮುಂದಿನ ಭಾಗ. ಕಾಗದಪತ್ರ ಮುಗಿದ ಮೇಲೆ ಅವನು ಪ್ರಾರ್ಥನೆಗೆ ನಿಂತು, ಊರೇ ಹೋಗುತ್ತಿರುವಾಗ ಹೊಲ ಕೊಳ್ಳಲು ಹೇಳಿದೆಯಲ್ಲ ಎಂದು ದೇವರೆದುರೇ ಗೊಂದಲ ತೋಡಿಕೊಳ್ಳುತ್ತಾನೆ. ಮೊದಲು ದುಡ್ಡು, ಆಮೇಲೆ ಅನುಮಾನ!

ಆ ಹೊಲದ ಫಲ ಅವನು ಉಣ್ಣಲಿಲ್ಲ. ಊರು ಬಿದ್ದ ಮೇಲೆ ಅವನ ಜನರೇ ಅವನನ್ನು ಈಜಿಪ್ಟಿಗೆ ಕರೆದೊಯ್ದರು. 1943ರಲ್ಲಿ ನಾತ್ಸಿಗಳ ಸೆರೆಯಿಂದ ಡೀಟ್ರಿಕ್ ಬಾನ್‌ಹಾಫರ್ ತಾನು ಮದುವೆಯಾಗಬೇಕಿದ್ದ ಹುಡುಗಿಗೆ ಬರೆದಾಗ ಇದೇ ಹೊಲವನ್ನು ನೆನೆದಿದ್ದ. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು. ಮದುವೆ ನಡೆಯಲೇ ಇಲ್ಲ.

ಹಾಗಾದರೆ ಹೊಸತಾಗುವುದು ಏನು? ಹೊಲದ ಕತೆಗೆ ಮುಂಚಿನ ಅಧ್ಯಾಯದಲ್ಲೇ ಹೊಸ ಒಡಂಬಡಿಕೆಯ ಮಾತಿದೆ: ದೇವರು ತನ್ನ ಧರ್ಮವನ್ನು ಜನರ ಹೃದಯದಲ್ಲೇ ಬರೆಯುತ್ತಾನೆ ಎಂದು. ಯೇಸು ಕಡೆಯ ಊಟದಲ್ಲಿ ಪಾತ್ರೆ ಎತ್ತಿದಾಗ ನೆನಪಿಸಿದ್ದು ಅದನ್ನೇ, ಮಾರನೆಯ ದಿನ ಶಿಲುಬೆ ಇರುವಾಗ. ಆ ಮಾತನ್ನು ನಂಬಿದವನು ಸೋಲನ್ನು ಮುಚ್ಚಿಡಬೇಕಾಗಿಲ್ಲ ಎಂದು ನನಗೆ ಅನಿಸುತ್ತದೆ. ನಾನು ಮುಚ್ಚಿಟ್ಟಿದ್ದೆ.

ಮೊನ್ನೆ ಆ ಹುಡುಗನಿಗೆ ಫೋನ್ ಮಾಡಿದೆ. ಇನ್ನೂ ಕೆಲಸ ಸಿಕ್ಕಿಲ್ಲ. ಆವತ್ತು ನಾನು ಹೇಳಿದ್ದು ಸುಳ್ಳು ಎಂದೆ.

"ಗೊತ್ತಿತ್ರೀ ಸರ" ಅಂದ.

ಶನಿವಾರ ಮನೆಗೆ ಬಾ, ಇಂಟರ್‌ವ್ಯೂಗೆ ಕೂತು ತಯಾರಿ ಮಾಡೋಣ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎಷ್ಟು ಗಂಟೆಗೆ ಬರಲಿ ಎಂದು ಕೇಳಿದ.